ದುರ್ಗದ ಸೀಮೆಯ ಮನೆತನದ ಹೆಸರುಗಳು: ಮೂಲ ಮತ್ತು ಬರಹದ ಭೇದ

೧

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಹಬ್ಬಿರುವ ಬೆಟ್ಟಗಾಡಿಗೆ ಜೋಗಿಮಟ್ಟಿ ಎಂದು ಹೆಸರು. ಸಮುದ್ರಮಟ್ಟದಿಂದ ೩,೮೦೩ ಅಡಿ ಎತ್ತರದ ಶಿಖರವೊಂದರಿಂದ ಈ ಹೆಸರು ಇಡೀ ಕಾಡಿಗೆ ವ್ಯಾಪಿಸಿದೆ. ಇದೇ ಸೀಮೆಯನ್ನು ಎರಡು ಶತಮಾನಗಳಿಗೂ ಹೆಚ್ಚು ಕಾಲ ಆಳಿದ ಪಾಳೆಯಗಾರರ ಮೂಲಪುರುಷನ ಹೆಸರು ಮತ್ತಿ ತಿಮ್ಮಣ್ಣನಾಯಕ. ಕನ್ನಡದಲ್ಲಿ ಬರೆದಾಗ ‘ಮಟ್ಟಿ’ ಬೇರೆ, ‘ಮತ್ತಿ’ ಬೇರೆ. ಗಿಡಗಂಟಿಗಳ ದಟ್ಟವಾದ ಪೊದೆಯನ್ನು ಮಟ್ಟಿ ಎನ್ನುವುದುಂಟು. ಮತ್ತಿ ಎಂಬುದು ನಮ್ಮ ಕಾಡುಗಳಲ್ಲಿ ಬೆಳೆಯುವ ಒಂದು ಮರ. ಆದರೆ ರೋಮನ್ ಲಿಪಿಯ ಗ್ಯಾಸೆಟಿಯರುಗಳಲ್ಲಿಯೂ ಭೂಪಟಗಳಲ್ಲಿಯೂ ಈ ಎರಡೂ ಪದಗಳು ಒಂದೇ ಬಗೆಯಾಗಿ ಅಚ್ಚಾಗಿವೆ. ಆ ಪುಟಗಳನ್ನು ಮಾತ್ರ ನೋಡಿದವನು, ಪಾಳೆಯಗಾರರ ಮನೆತನವು ಜೋಗಿಮಟ್ಟಿಯಿಂದ ಹೊರಟಿತೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ವಾಸ್ತವವಾಗಿ ತಿಮ್ಮಣ್ಣನಾಯಕನ ಹೆಸರಿನ ಮತ್ತಿಯು ದಾವಣಗೆರೆ ಸೀಮೆಯ ಒಂದು ಗ್ರಾಮ. ಒಂದು ಒತ್ತಕ್ಷರದ ಭೇದವು ಮರೆಯಾದುದರಿಂದ ಒಂದು ಮನೆತನದ ಮೂಲಸ್ಥಾನವೇ ಹಲವು ಹರದಾರಿ ಸರಿದುಹೋಗುವ ಸಂಭವವುಂಟು.

ಹೆಸರುಗಳ ಬರಹಭೇದವನ್ನು ನಮ್ಮಲ್ಲಿ ಸಾಮಾನ್ಯವಾಗಿ ಲಿಪಿಕಾರರ ಅಜಾಗರೂಕತೆಯೆಂದು ಎಣಿಸಿ ಬಿಟ್ಟುಬಿಡುತ್ತಾರೆ. ಅದು ಸರಿಯಲ್ಲವೆಂಬುದು ಪ್ರಸ್ತುತ ಲೇಖನದ ಅಭಿಪ್ರಾಯ. ಒಂದು ಹೆಸರನ್ನು ಒಂದು ಬಗೆಯಾಗಿ ಬರೆಯುವುದೆಂದರೆ ಅದರ ಮೂಲವನ್ನು ಕುರಿತು ಒಂದು ಪಕ್ಷವನ್ನು ಹಿಡಿಯುವುದೇ ಆಗಿದೆ. ಬರೆದವನಿಗೆ ಆ ಅರಿವು ಇರಬಹುದು, ಇಲ್ಲದಿರಬಹುದು; ಆದರೆ ಮುಂದೆ ಓದುವವನು ಆ ಪಕ್ಷವನ್ನು ಸಾಕ್ಷ್ಯವೆಂದೇ ತೆಗೆದುಕೊಳ್ಳುತ್ತಾನೆ. ದುರ್ಗದ ಸೀಮೆಯ ಕೆಲವು ಹೆಸರುಗಳನ್ನು ಆರಿಸಿಕೊಂಡು ಈ ಮಾತನ್ನು ಇಲ್ಲಿ ಪರಿಶೀಲಿಸಲಾಗಿದೆ.

೨

ಈ ಪ್ರದೇಶದಲ್ಲಿ ದೊರೆತಿರುವ ಅತ್ಯಂತ ಪ್ರಾಚೀನವಾದ ಬರಹಗಳಲ್ಲಿಯೇ ಈ ಸಮಸ್ಯೆ ತಲೆದೋರುತ್ತದೆ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಶಾಸನದ ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರನು ತನ್ನ ಹೆಸರನ್ನು ನಮೂದಿಸಿದ್ದಾನೆ. ಮೊದಲು ಇದನ್ನು ಓದಿದ ವಿದ್ವಾಂಸರು ಆತನ ಹೆಸರನ್ನು ‘ಪಡ’ ಎಂದು ಗ್ರಹಿಸಿದರು; ಅನಂತರದ ವಾಚನದಲ್ಲಿ ಅದು ‘ಚಪಡ’ ಎಂದು ನಿಂತಿತು. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದ್ದರೂ ‘ಲಿಪಿಕರೇಣ’ ಎಂಬ ಒಂದು ಪದವನ್ನು ಆತನು ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿಯು ಭರತಖಂಡದ ವಾಯವ್ಯ ಭಾಗದಲ್ಲಿ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಸಾಗುವ ಲಿಪಿ. ಆದಕಾರಣ ಈತನು ಆ ಕಡೆಯಿಂದ ಬಂದವನು, ಅಥವಾ ಆ ಕಡೆಯ ಕಛೇರಿಯಲ್ಲಿ ತರಬೇತಿ ಪಡೆದವನು ಎಂದು ಊಹಿಸುತ್ತಾರೆ. ದುರ್ಗದ ಜಿಲ್ಲೆಯಲ್ಲಿ ಬರಹಕ್ಕೆ ಇಳಿದ ಮೊದಲ ವ್ಯಕ್ತಿನಾಮಗಳಲ್ಲಿ ಒಂದಾದ ಇದು ಎರಡು ಲಿಪಿಗಳ ನಡುವೆ ನಿಂತಿರುವುದೂ, ಓದುವವರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಗೊಟ್ಟಿರುವುದೂ ಗಮನಾರ್ಹವಾದ ಸಂಗತಿ.

ಎರಡನೆಯ ನಿದರ್ಶನ ಕೋಟೆಯ ಬುಡದಲ್ಲಿರುವ ಚಂದ್ರವಳ್ಳಿಯದು. ೧೯೨೯ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಇಲ್ಲಿ ಕದಂಬ ವಂಶದ ಸ್ಥಾಪಕನ ಬಂಡೆಗಲ್ಲಿನ ಶಾಸನವನ್ನು ಗುರುತಿಸಿದರು. ಅದರಲ್ಲಿ ಅರಸನ ಹೆಸರು ‘ಮಯೂರಶರ್ಮ’ ಎಂದಿದೆ. ತಾಳಗುಂದದ ಸ್ತಂಭಶಾಸನವೂ ಈ ರೂಪವನ್ನೇ ಹೇಳುತ್ತದೆ. ಈಚಿನ ಶಾಸನಗಳಲ್ಲಿಯೂ ಕಥೆಗಳಲ್ಲಿಯೂ ಆತನು ‘ಮಯೂರವರ್ಮ’ನಾಗಿದ್ದಾನೆ. ಶರ್ಮ ಎಂಬುದು ಬ್ರಾಹ್ಮಣನ ಹೆಸರಿನ ಕೊನೆ, ವರ್ಮ ಎಂಬುದು ಕ್ಷತ್ರಿಯನ ಹೆಸರಿನ ಕೊನೆ. ವೇದಾಧ್ಯಯನಕ್ಕಾಗಿ ಕಂಚಿಗೆ ಹೋದವನು ಅಲ್ಲಿ ನಡೆದ ಅವಮಾನದಿಂದ ಶಸ್ತ್ರ ಹಿಡಿದನೆಂಬ ತಾಳಗುಂದದ ವೃತ್ತಾಂತವೆಲ್ಲವೂ ಈ ಒಂದು ಅಕ್ಷರದ ವ್ಯತ್ಯಾಸದಲ್ಲಿ ಅಡಕವಾಗಿದೆ. ಸಂಪಾದಕನೊಬ್ಬನು ‘ಶರ್ಮ’ ಎಂಬುದನ್ನು ಬರಹದ ದೋಷವೆಂದು ತಿದ್ದಿ ‘ವರ್ಮ’ ಎಂದು ಅಚ್ಚು ಮಾಡಿದ್ದರೆ ಆ ಚರಿತ್ರೆಯ ಮುಖ್ಯ ಸಾಕ್ಷ್ಯವೊಂದು ನಷ್ಟವಾಗುತ್ತಿತ್ತು.

ವಂಶದ ಹೆಸರಿನ ವಿಷಯದಲ್ಲಿಯೂ ತಾಳಗುಂದದ ಶಾಸನ ನಮಗೆ ನೆರವಾಗುತ್ತದೆ. ಆ ಮನೆಯ ಬಳಿಯಲ್ಲಿ ಬೆಳೆದಿದ್ದ ಕದಂಬ ವೃಕ್ಷದಿಂದ ಮನೆತನಕ್ಕೆ ಆ ಹೆಸರಾಯಿತೆಂದು ಅದು ತಿಳಿಸುತ್ತದೆ. ಮರದಿಂದ ಮನೆತನಕ್ಕೂ ಊರಿನಿಂದ ಅರಸನಿಗೂ ಹೆಸರು ಬರುವುದು ಈ ನಾಡಿನ ಹಳೆಯ ರೂಢಿ. ಮತ್ತಿ ಎಂಬ ಊರಿನ ಹೆಸರು ತಿಮ್ಮಣ್ಣನಾಯಕನಿಗೆ ಅಂಟಿಕೊಂಡುದೂ ಇದೇ ರೂಢಿಗೆ ಅನುಗುಣವಾಗಿದೆ.

೩

ಈಗ ಪಾಳೆಯಗಾರರ ವಿಷಯಕ್ಕೆ ಬರೋಣ. ಅವರ ಪೂರ್ವಿಕರು ತಿರುಪತಿಯ ಕಡೆಯಿಂದ ವಲಸೆ ಬಂದವರೆಂದು ಐತಿಹ್ಯ. ತಿಮ್ಮಣ್ಣನಾಯಕನು ವಿಜಯನಗರದ ಅರಸರಿಂದ ಮೊದಲು ಹೊಳಲ್ಕೆರೆಯ, ಅನಂತರ ಹಿರಿಯೂರಿನ, ಕೊನೆಗೆ ಚಿತ್ರದುರ್ಗದ ನಾಯಕತ್ವವನ್ನು ಪಡೆದನು. ೧೫೬೮ರಿಂದ ಆತನ ಆಳಿಕೆಯನ್ನು ಲೆಕ್ಕಿಸುವುದು ವಾಡಿಕೆ. ೧೭೭೯ರಲ್ಲಿ ಹೈದರಾಲಿಯು ದುರ್ಗವನ್ನು ಹಿಡಿದು ಮದಕರಿನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ಯುವವರೆಗೆ ಈ ಮನೆತನ ಬಾಳಿತು.

ಈ ಅರಸರ ಹೆಸರಿನಲ್ಲಿ ಹಲವು ಪದರಗಳಿವೆ. ಕಾಮಗೇತಿ ಎಂಬುದು ವಂಶ. ವಾಲ್ಮೀಕಿ ಎಂಬುದು ಗೋತ್ರ. ಮತ್ತಿ ಎಂಬುದು ಊರು. ತಿಮ್ಮಣ್ಣ ಎಂಬುದು ವ್ಯಕ್ತಿಯ ಹೆಸರು. ನಾಯಕ ಎಂಬುದು ಪದವಿ. ಪಾಶ್ಚಾತ್ಯರ ಪದ್ಧತಿಯಂತೆ ಒಂದು ಹೆಸರಿನಲ್ಲಿ ‘ಮನೆತನದ ಭಾಗ’ ಯಾವುದೆಂದು ಕೇಳಿದರೆ ಇಲ್ಲಿ ಒಂದೇ ಉತ್ತರವಿಲ್ಲ. ಮದುವೆಯ ಸಂಬಂಧವನ್ನು ನೋಡುವಾಗ ಬೆಡಗು ಗೋತ್ರಗಳು ಮುಖ್ಯ. ಪರಸ್ಥಳದಲ್ಲಿ ಗುರುತು ಹೇಳುವಾಗ ಊರು ಮುಖ್ಯ. ಅರಮನೆಯ ಓಲೆಯಲ್ಲಿ ವಂಶವೂ ಬಿರುದೂ ಮುಖ್ಯ. ಕಾಲಕ್ರಮದಲ್ಲಿ ಉಳಿದೆಲ್ಲವೂ ಹಿಂದೆ ಸರಿದು, ಪದವಿವಾಚಕವಾದ ‘ನಾಯಕ’ ಎಂಬುದೊಂದೇ ಜನಾಂಗದ ಹೆಸರಾಗಿ ನಿಂತಿತು.

ವ್ಯಕ್ತಿನಾಮಗಳು ಬಹುಮಟ್ಟಿಗೆ ದೇವತೆಗಳಿಂದ ಬಂದವು. ತಿಮ್ಮಣ್ಣ ಎಂಬುದರಲ್ಲಿ ತಿರುಮಲೆಯ ದೇವರೂ, ರಂಗಪ್ಪ ಎಂಬುದರಲ್ಲಿ ರಂಗನಾಥನೂ ಇರುವುದು ಸ್ಪಷ್ಟ. ಓಬಣ್ಣ ಎಂಬುದರ ಮೂಲ ‘ಅಹೋಬಲ’. ಮೊದಲಿನ ಅಕ್ಷರ ಲೋಪವಾಗಿ ಓಬಳ, ಓಬಯ್ಯ, ಓಬಣ್ಣ, ಓಬವ್ವ ಎಂಬ ರೂಪಗಳು ಹುಟ್ಟಿವೆ. ಆಂಧ್ರದೇಶದ ನರಸಿಂಹಕ್ಷೇತ್ರವೊಂದರ ಹೆಸರು ದುರ್ಗದ ಸಾಮಾನ್ಯ ಮನೆಗಳಲ್ಲಿಯೂ ನೆಲಸಿರುವುದು, ಪಾಳೆಯಗಾರರ ವಲಸೆಯ ಐತಿಹ್ಯಕ್ಕೆ ಪೂರ್ಣ ಸಾಕ್ಷ್ಯವಲ್ಲದಿದ್ದರೂ ವಿರೋಧವಂತೂ ಅಲ್ಲ. ಹಳೆಯ ಕನ್ನಡ ಬರಹದಲ್ಲಿ ಎಕಾರ ಒಕಾರಗಳ ಹ್ರಸ್ವದೀರ್ಘ ಭೇದವನ್ನು ತೋರಿಸುವ ರೂಢಿ ಇರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಹಳೆಯ ಓಲೆಯಲ್ಲಿ ‘ಒಬಂಣ’ ಎಂದಿದ್ದರೆ ಅದು ಬೇರೊಬ್ಬನ ಹೆಸರೆಂದು ತಿಳಿಯಲಾಗದು.

ಭರಮಣ್ಣನಾಯಕನ ಹೆಸರು ಇನ್ನೂ ಸ್ವಾರಸ್ಯವಾದುದು. ಈತನ ಆಳಿಕೆಯನ್ನು ೧೬೮೯ರಿಂದ ೧೭೨೧ರವರೆಗೆ ಹೇಳುತ್ತಾರೆ. ಪುಸ್ತಕಗಳಲ್ಲಿ ಈತನು ಬರಮಣ್ಣ, ಬರಮಪ್ಪ, ಭರಮಣ್ಣ, ಭರಮಪ್ಪ ಎಂದು ನಾಲ್ಕು ಬಗೆಯಾಗಿ ಕಾಣಿಸಿಕೊಳ್ಳುತ್ತಾನೆ. ಇಂಗ್ಲಿಷಿನಲ್ಲಿ ‘ಬರ್ಮ’ ಎಂಬ ರೂಪವೂ ಉಂಟು. ಮೂಲಪದ ‘ಬ್ರಹ್ಮ’. ಜನರ ನಾಲಗೆಯಲ್ಲಿ ಸಂಯುಕ್ತಾಕ್ಷರ ಬಿಡಿಸಿಕೊಂಡು ‘ಬರಹಮ’ವಾಗಿ, ನಡುವಿನ ಹಕಾರವು ಮೊದಲಿನ ಬಕಾರವನ್ನು ಸೇರಿ ‘ಭರಮ’ವಾಯಿತು. ಆದುದರಿಂದ ‘ಭ’ಕಾರವುಳ್ಳ ರೂಪವನ್ನು ಅಶುದ್ಧವೆಂದು ತೆಗೆದುಹಾಕಬಾರದು. ಕಳೆದುಹೋದ ಹಕಾರದ ಕುರುಹು ಅಲ್ಲಿಯೇ ಉಳಿದಿದೆ. ಆತನ ಹೆಸರನ್ನು ಹೊತ್ತ ಭರಮಸಾಗರವೆಂಬ ಊರು ಈ ರೂಪವನ್ನು ಇಂದಿಗೂ ಕಾಪಾಡಿಕೊಂಡು ಬಂದಿದೆ.

ಮದಕರಿ ಎಂಬ ಹೆಸರಿನಲ್ಲಿ ಬರಹಭೇದದೊಡನೆ ಗಣನೆಯ ತೊಡಕೂ ಸೇರಿಕೊಂಡಿದೆ. ‘ಮದಕರಿ’ ಎಂದರೆ ಮದಿಸಿದ ಆನೆ. ಅಂತಹ ಆನೆಯನ್ನು ನಿಗ್ರಹಿಸಿದ ಸಾಹಸದಿಂದ ಈ ಹೆಸರು ಬಂದಿತೆಂದು ಐತಿಹ್ಯ ಹೇಳುತ್ತದೆ. ಆದರೆ ಗ್ರಂಥಗಳಲ್ಲಿ ‘ಮದಕೇರಿ’, ‘ಮೆದಕೇರಿ’ ಎಂಬ ರೂಪಗಳೂ ಇವೆ. ಇವುಗಳಲ್ಲಿ ಆನೆಯ ಅರ್ಥ ಕಾಣದು. ಹೈದರ್ ಟೀಪು ಇವರ ಕಾಲದಲ್ಲಿ ಪ್ರಬಲವಾಗಿದ್ದ ಪಾರಸಿ ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ದೀರ್ಘವಾದ ಈಕಾರ ಏಕಾರಗಳಿಗೆ ಒಂದೇ ಅಕ್ಷರ. ಹೀಗಿರುವಲ್ಲಿ ಮ, ದ, ಕ, ರ ಎಂಬ ವ್ಯಂಜನಗಳನ್ನು ಕಂಡ ಭಾಷಾಂತರಕಾರನು ನಡುವಿನ ಸ್ವರಗಳನ್ನು ತನಗೆ ತೋರಿದಂತೆ ತುಂಬಿಕೊಳ್ಳುವುದು ಸಹಜ. ಈ ರೂಪಭೇದಗಳಿಗೆ ಇದೂ ಒಂದು ಕಾರಣವಾಗಿರಬಹುದು.

ಇದಲ್ಲದೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿಂದ ಓಬಣ್ಣ, ರಂಗಪ್ಪ, ಮದಕರಿ ಎಂಬ ಹೆಸರುಗಳು ವಂಶಾವಳಿಯಲ್ಲಿ ಮತ್ತೆ ಮತ್ತೆ ಬರುತ್ತವೆ. ತಿಮ್ಮಣ್ಣನಾಯಕನ ಅನಂತರ ಬಂದ ಓಬಣ್ಣನಾಯಕನಿಗೆ ಮದಕರಿ ಎಂಬ ಹೆಸರೂ ಇತ್ತೆಂದು ಎಣಿಸಿದರೆ ೧೭೭೯ರಲ್ಲಿ ಸೆರೆಯಾದವನು ಐದನೆಯ ಮದಕರಿಯಾಗುತ್ತಾನೆ. ಹಾಗೆ ಎಣಿಸದಿದ್ದರೆ ನಾಲ್ಕನೆಯವನಾಗುತ್ತಾನೆ. ಈ ಕ್ರಮಾಂಕಗಳು ಇತಿಹಾಸಕಾರರು ತಮ್ಮ ಅನುಕೂಲಕ್ಕಾಗಿ ಹಾಕಿಕೊಂಡವೇ ಹೊರತು ಆ ಅರಸರು ಬಳಸಿದವಲ್ಲ. ಎರಡು ಗ್ರಂಥಗಳಲ್ಲಿ ಕ್ರಮಾಂಕ ಭಿನ್ನವಾಗಿದ್ದ ಮಾತ್ರಕ್ಕೆ ಇಬ್ಬರು ಅರಸರನ್ನು ಕಲ್ಪಿಸಿಕೊಳ್ಳಲಾಗದು.

೪

ಮನೆತನದ ಹೆಸರುಗಳಿಗೆ ಊರುಗಳೇ ಆಧಾರವಾಗಿರುವುದರಿಂದ ಊರಿನ ಹೆಸರು ಮಾರ್ಪಟ್ಟ ಬಗೆಯನ್ನೂ ನೋಡಬೇಕಾಗುತ್ತದೆ. ಇಂದಿನ ಚಿತ್ರದುರ್ಗಕ್ಕೆ ಹಳೆಯ ಶಾಸನಗಳಲ್ಲಿ ಬೆಮ್ಮತ್ತನಕಲ್ಲು, ಬೆಮ್ಮತ್ತನೂರು ಎಂಬ ಹೆಸರುಗಳಿವೆ. ಹೊಯ್ಸಳರ ಕಾಲದಲ್ಲಿ, ೧೩ನೆಯ ಶತಮಾನದಲ್ಲಿ, ಪೆರುಮಾಳೆ ದಂಡನಾಯಕನಿಂದ ಪೆರುಮಾಳೆಪುರವೆಂಬ ಹೆಸರೂ ಬಂದಿತು. ಟೀಪು ಸುಲ್ತಾನನು ಇದನ್ನು ಫರ್ರುಖ್‌ಯಾಬ್ ಹಿಸಾರ್ ಎಂದು ಕರೆದು ಆ ಹೆಸರಿನಲ್ಲಿ ನಾಣ್ಯಗಳನ್ನು ಅಚ್ಚು ಹಾಕಿಸಿದನು. ಇಂಗ್ಲಿಷರ ಕಾಲದಲ್ಲಿ ಇದು ‘ಚಿತಲ್‌ಡ್ರೂಗ್’ ಆಯಿತು.

ಈ ಕೊನೆಯ ರೂಪವನ್ನು ಪರಕೀಯರ ತೊದಲುನುಡಿಯೆಂದು ಹಾಸ್ಯ ಮಾಡುವವರುಂಟು. ಅದರಲ್ಲಿಯೂ ವಿಚಾರಕ್ಕೆ ಎಡೆಯುಂಟು. ‘ಚಿತ್ರದುರ್ಗ’ ಎಂಬುದರಲ್ಲಿ ಲಕಾರವೇ ಇಲ್ಲ. ಆದರೆ ‘ಚಿತ್ರಕಲ್‌ದುರ್ಗ’ ಎಂಬ ಪೂರ್ಣರೂಪದಲ್ಲಿ ‘ಕಲ್’ ಎಂಬ ಪದವಿದೆ. ಬೆಮ್ಮತ್ತನಕಲ್ಲು ಎಂಬ ಹಳೆಯ ಹೆಸರಿನಲ್ಲಿಯೂ ಇರುವ ಕಲ್ಲು ಇದೇ. ಆದಕಾರಣ ಇಂಗ್ಲಿಷ್ ರೂಪದ ಲಕಾರವು ಅಪಭ್ರಂಶವಾಗಿರದೆ, ಸ್ಥಳೀಯರು ಕೈಬಿಟ್ಟ ಒಂದು ಪದದ ಅವಶೇಷವಾಗಿರುವುದು ಹೆಚ್ಚು ಸಂಭಾವ್ಯ. ಇದೇ ಹೆಸರನ್ನು ‘ಛತ್ರಕಲ್‌ದುರ್ಗ’ವೆಂದು ಬರೆದು ಕೊಡೆಯಂತಹ ಬಂಡೆಯಿಂದ ಬಂದುದೆಂದು ವಿವರಿಸಿದವರೂ ಇದ್ದಾರೆ. ಚಿತ್ರವೋ ಛತ್ರವೋ ಎಂಬ ಒಂದು ಅಕ್ಷರದ ಆಯ್ಕೆಯಿಂದ ಊರಿನ ಕಥೆಯೇ ಬೇರೆಯಾಗುತ್ತದೆ.

ಹೊಸದುರ್ಗದ ಹೆಸರಿನಲ್ಲಿ ವಿರುದ್ಧವಾದ ತೊಡಕಿದೆ. ಇಲ್ಲಿಯ ಕೋಟೆಯನ್ನು ೧೬೭೫ರಲ್ಲಿ ದುರ್ಗದ ಚಿಕ್ಕಣ್ಣನಾಯಕನು ಕಟ್ಟಿಸಿದನೆಂದು ತಿಳಿದುಬರುತ್ತದೆ. ಕಾಸರಗೋಡಿನ ದಕ್ಷಿಣಕ್ಕಿರುವ ಹೊಸದುರ್ಗವು ಇಕ್ಕೇರಿ ನಾಯಕರ ಕೋಟೆ. ಇಂಗ್ಲಿಷಿನ ಹಳೆಯ ದಾಖಲೆಗಳಲ್ಲಿ ಎರಡೂ ಒಂದೇ ರೂಪದಲ್ಲಿ ‘ಹೊಸ್‌ದುರ್ಗ್’ ಆಗಿವೆ. ಎರಡನ್ನೂ ಕಟ್ಟಿಸಿದವರು ‘ನಾಯಕ’ರೇ. ಆದರೂ ಇಕ್ಕೇರಿಯವರು ಬೇರೆ, ದುರ್ಗದವರು ಬೇರೆ. ಇವರೀರ್ವರ ನಡುವೆ ಯುದ್ಧಗಳೇ ನಡೆದಿವೆ. ಊರೂ ಒಂದಲ್ಲ, ನಾಯಕರೂ ಒಂದೇ ಮನೆತನದವರಲ್ಲ. ಬರಹದ ಭೇದ ಇದ್ದಲ್ಲಿ ವ್ಯಕ್ತಿ ಒಬ್ಬನೇ ಇರಬಹುದಾದಂತೆ, ಬರಹ ಒಂದೇ ಆದಲ್ಲಿ ವಸ್ತುಗಳು ಎರಡಿರಬಹುದು.

೫

ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲಿಷ್ ಶಾಲೆಗಳೂ ಸರ್ಕಾರಿ ಕಛೇರಿಗಳೂ ಹೆಸರನ್ನು ಮೊದಲಕ್ಷರಗಳಿಗೆ ಇಳಿಸಿದುವು. ಮೈಸೂರು ಸೀಮೆಯಲ್ಲಿ ಊರಿನ ಹೆಸರು, ತಂದೆಯ ಹೆಸರು, ತನ್ನ ಹೆಸರು ಎಂಬ ಕ್ರಮ ರೂಢಿಗೆ ಬಂದು, ಮೊದಲಿನೆರಡು ಕೇವಲ ಅಕ್ಷರಗಳಾಗಿ ಉಳಿದುವು.

ಚಳ್ಳಕೆರೆ ತಾಲ್ಲೂಕಿನ ತಳುಕಿನ ಒಂದು ಮನೆತನದಲ್ಲಿ ಇದರ ಪರಿಣಾಮವನ್ನು ಚೆನ್ನಾಗಿ ನೋಡಬಹುದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ವೆಂಕಣ್ಣಯ್ಯನವರು (೧೮೮೫–೧೯೩೯) ‘ಟಿ. ಎಸ್. ವೆಂಕಣ್ಣಯ್ಯ’ ಎಂದು ಪ್ರಸಿದ್ಧರು. ಅವರ ತಮ್ಮಂದಿರು ‘ತ. ಸು. ಶಾಮರಾಯ’. ಅಣ್ಣತಮ್ಮಂದಿರಿಬ್ಬರದೂ ತಳುಕೇ, ಇಬ್ಬರಿಗೂ ತಂದೆ ಸುಬ್ಬಣ್ಣನವರೇ. ಒಬ್ಬರ ಹೆಸರು ಇಂಗ್ಲಿಷ್ ಅಕ್ಷರಗಳ ಹಾದಿಯಾಗಿ ಬಂದುದರಿಂದ ತಳುಕಿನ ತಕಾರವು ‘ಟಿ’ ಆಯಿತು. ಇನ್ನೊಬ್ಬರು ಕನ್ನಡದ ಅಕ್ಷರವನ್ನೇ ಉಳಿಸಿಕೊಂಡರು. ಅದೇ ಮನೆತನದ ಮುಂದಿನ ತಲೆಮಾರಿನ ಕಾದಂಬರಿಕಾರರು ‘ತ. ರಾ. ಸು.’ (೧೯೨೦–೧೯೮೪), ಎಂದರೆ ತಳುಕಿನ ರಾಮಸ್ವಾಮಯ್ಯನವರ ಮಗ ಸುಬ್ಬರಾವ್. ಚಿತ್ರದುರ್ಗದ ಕೊನೆಯ ನಾಯಕನನ್ನು ಕುರಿತ ‘ದುರ್ಗಾಸ್ತಮಾನ’ ಇವರ ಕೃತಿ. ಪುಸ್ತಕಭಂಡಾರದ ಅಕಾರಾದಿಯಲ್ಲಿ ಈ ಮೂವರು ಮೂರು ಕಡೆ ಬೀಳಬಹುದು. ಈ ಮನೆಯ ಪರಿಚಯವಿಲ್ಲದವನಿಗೆ ಇವರು ಒಂದೇ ಮನೆತನದವರೆಂದು ತಿಳಿಯುವ ಮಾರ್ಗವೇ ಇಲ್ಲ.

ಇದಕ್ಕೆ ಪ್ರತಿಯಾದ ನಿದರ್ಶನವೂ ದುರ್ಗದ ಸೀಮೆಯಲ್ಲಿಯೇ ಇದೆ. ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಎಸ್. ನಿಜಲಿಂಗಪ್ಪನವರ (೧೯೦೨–೨೦೦೦) ಹೆಸರಿನ ‘ಎಸ್’ ಎಂಬುದು ಸಿದ್ದವ್ವನಹಳ್ಳಿ. ಗಾಂಧೀವಾದಿ ಲೇಖಕರಾಗಿದ್ದ ಕೃಷ್ಣಶರ್ಮರು ಅದೇ ಊರಿನ ಹೆಸರನ್ನು ಪೂರ್ಣವಾಗಿ ಇಟ್ಟುಕೊಂಡು ‘ಸಿದ್ಧವನಹಳ್ಳಿ ಕೃಷ್ಣಶರ್ಮ’ ಎಂದು ಬರೆದರು. ಊರು ಒಂದೇ ಆದರೂ ಮನೆತನಗಳು ಬೇರೆ. ಇನ್ನು ಬರಹವನ್ನು ನೋಡಿದರೆ, ‘ಸಿದ್ದವ್ವ’ ಎಂದಾಗ ಊರು ಒಬ್ಬ ಹೆಂಗಸಿನ ಹೆಸರಿನದಾಗುತ್ತದೆ; ‘ಸಿದ್ಧವನ’ ಎಂದಾಗ ಸಿದ್ಧಪುರುಷರ ವನದ ಕಲ್ಪನೆ ಮೂಡುತ್ತದೆ. ಒಂದು ವಕಾರದ ಒತ್ತು ಜಾರಿ, ದಕಾರಕ್ಕೆ ಮಹಾಪ್ರಾಣ ಸೇರಿದ ಮಾತ್ರಕ್ಕೆ ಗ್ರಾಮದೇವತೆಯೋ ಗೌಡತಿಯೋ ಆಗಿದ್ದಿರಬಹುದಾದ ಸಿದ್ದವ್ವ ಮರೆಯಾಗಿಬಿಡುತ್ತಾಳೆ. ಸಂಸ್ಕೃತಕ್ಕೆ ಒಗ್ಗಿಸಿ ತಿದ್ದುವ ಪ್ರವೃತ್ತಿಯಿಂದ ನಮ್ಮ ಎಷ್ಟೋ ಊರುಗಳ ಹೆಸರಿನಲ್ಲಿ ಇಂತಹ ವ್ಯಕ್ತಿಗಳು ಅಳಿಸಿಹೋಗಿರಬೇಕು.

೬

ಇದು ನಮ್ಮ ನಾಡಿಗೆ ಮಾತ್ರ ಸೀಮಿತವಾದ ಸಮಸ್ಯೆಯಲ್ಲ. ತುಲನೆಗಾಗಿ ಕೊರಿಯಾ ದೇಶವನ್ನು ನೋಡಬಹುದು. ಅಲ್ಲಿ ಮನೆತನದ ಹೆಸರುಗಳು ಬಹು ಕಡಿಮೆ. ೨೦೧೫ರ ಜನಗಣತಿಯಂತೆ ದಕ್ಷಿಣ ಕೊರಿಯಾದ ಜನರಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚಿನವರು ‘ಕಿಮ್’ ಎಂಬ ಒಂದೇ ಹೆಸರಿನವರು. ಆದಕಾರಣ ಅವರಲ್ಲಿ ಹೆಸರಿನೊಡನೆ ಮೂಲಸ್ಥಾನವನ್ನೂ ಹೇಳುವ ಪದ್ಧತಿ ಬೆಳೆಯಿತು. ಗಿಮ್ಹೇ ಊರಿನ ಕಿಮ್ ಬೇರೆ, ಗ್ಯೋಂಗ್ಜು ಊರಿನ ಕಿಮ್ ಬೇರೆ. ಈ ಮೂಲಸ್ಥಾನಕ್ಕೆ ಅವರು ‘ಬೋನ್‌ಗ್ವಾನ್’ ಎನ್ನುತ್ತಾರೆ. ಹೆಸರೂ ಮೂಲಸ್ಥಾನವೂ ಒಂದೇ ಆದವರು ಮದುವೆಯಾಗಬಾರದೆಂಬ ನಿಯಮವಿತ್ತು. ೧೯೯೭ರಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯ ಅದು ಸಂವಿಧಾನಕ್ಕೆ ಹೊಂದದೆಂದು ತೀರ್ಪು ಕೊಟ್ಟಿತು, ೨೦೦೫ರಲ್ಲಿ ಕಾನೂನಿನಿಂದಲೂ ತೆಗೆಯಲಾಯಿತು. ನಮ್ಮ ಬೆಡಗು ಗೋತ್ರಗಳ ನಿಯಮವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ಬರಹದ ವಿಷಯದ ಹೋಲಿಕೆ ಇನ್ನೂ ನಿಕಟವಾದುದು. ಪ್ಲಮ್ ಹಣ್ಣಿನ ಮರವನ್ನು ಸೂಚಿಸುವ ಚೀನೀ ಅಕ್ಷರದಿಂದ ಬರೆಯುವ ಒಂದು ಮನೆತನದ ಹೆಸರು ದಕ್ಷಿಣದಲ್ಲಿ ‘ಈ’ ಎಂದೂ ಉತ್ತರದಲ್ಲಿ ‘ರಿ’ ಎಂದೂ ಉಚ್ಚರಿಸಲ್ಪಡುತ್ತದೆ. ರೋಮನ್ ಲಿಪಿಗೆ ಹೋದಾಗ ಅದು ಲೀ, ಯಿ, ರೀ ಎಂದೆಲ್ಲ ಆಗುತ್ತದೆ. ಹದಿನಾರನೆಯ ಶತಮಾನದ ನೌಕಾಧಿಪತಿ ಯಿ ಸುನ್‌ಸಿನ್ ಮತ್ತು ೧೯೪೮ರಿಂದ ೧೯೬೦ರವರೆಗೆ ರಾಷ್ಟ್ರಾಧ್ಯಕ್ಷನಾಗಿದ್ದ ಸಿಂಗ್‌ಮನ್ ರೀ ಇವರ ಮನೆತನದ ಹೆಸರು ಮೂಲದಲ್ಲಿ ಒಂದೇ ಅಕ್ಷರ. ಅವರ ಲಿಪ್ಯಂತರಕ್ಕೆ ೧೯೩೭ರಲ್ಲಿ ಒಂದು ಪದ್ಧತಿಯೂ ೨೦೦೦ದಲ್ಲಿ ಮತ್ತೊಂದು ಪದ್ಧತಿಯೂ ಏರ್ಪಟ್ಟಿದ್ದರೂ ಮನೆತನದ ಹೆಸರಿನಲ್ಲಿ ಜನರು ತಮ್ಮ ಹಳೆಯ ರೂಢಿಯನ್ನು ಬಿಟ್ಟಿಲ್ಲ. ಇನ್ನು ಗಿಮ್ಹೇ ಮನೆತನದ ಮೂಲರಾಣಿಯು ‘ಅಯುತ’ ಎಂಬ ದೇಶದಿಂದ ಹಡಗಿನಲ್ಲಿ ಬಂದಳೆಂದು ಅವರ ಹಳೆಯ ಗ್ರಂಥವೊಂದು ಹೇಳುತ್ತದೆ. ಅಯುತವೆಂದರೆ ನಮ್ಮ ಅಯೋಧ್ಯೆಯೆಂದು ಹಲವರು ನಂಬಿದ್ದಾರೆ. ಆದರೆ ಉಚ್ಚಾರಣೆಯ ಸಾಮ್ಯವೊಂದೇ ಇತಿಹಾಸಕ್ಕೆ ಸಾಲದು. ಮತ್ತಿ ಮಟ್ಟಿಗಳ ನಿದರ್ಶನವನ್ನು ಕಂಡವರು ಇಲ್ಲಿ ನಿಧಾನಿಸುವುದು ಲೇಸು.

೭

ಬರಹಭೇದವು ಪಂಡಿತರ ಚರ್ಚೆಗೆ ಮಾತ್ರ ಸಂಬಂಧಿಸಿದುದಾಗಿದ್ದರೆ ಇಷ್ಟು ವಿಸ್ತರಿಸಬೇಕಾಗಿರಲಿಲ್ಲ. ಹೆಸರು ಕಾನೂನಿನ ಪಟ್ಟಿಯನ್ನು ಸೇರಿದಾಗ ಅದರ ಒಂದೊಂದು ಅಕ್ಷರವೂ ಹಕ್ಕುಬಾಧ್ಯತೆಗಳಿಗೆ ಆಧಾರವಾಗುತ್ತದೆ.

ಮೈಸೂರು ಸಂಸ್ಥಾನದಲ್ಲಿ ಕಲ್ಲು ಮಣ್ಣಿನ ಕೆಲಸಕ್ಕೆ ಹೆಸರಾದ ಒಡ್ಡರ ಸಮಾಜವು ೧೯೪೪ರಲ್ಲಿ ಸಭೆ ಸೇರಿ ತನ್ನ ಹೆಸರನ್ನು ಬದಲಾಯಿಸಿಕೊಳ್ಳಲು ನಿರ್ಣಯಿಸಿತು; ೧೯೪೬ರಲ್ಲಿ ಸರ್ಕಾರವೂ ‘ಬೋಯಿ’ ಎಂಬ ಹೆಸರನ್ನು ಬಳಸುವಂತೆ ಆಜ್ಞೆ ಮಾಡಿತು. ೧೯೫೦ರ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಅಚ್ಚಾದುದು ‘ಭೋವಿ’ ಎಂಬ ರೂಪ. ೧೯೬೨ರ ಚುನಾವಣೆಯ ತಕರಾರೊಂದರಲ್ಲಿ, ಒಡ್ಡರ ಸಮಾಜದ ಅಭ್ಯರ್ಥಿಯು ‘ಭೋವಿ’ ಆಗುವನೇ ಎಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಪಟ್ಟಿಯಲ್ಲಿ ಇಲ್ಲದ ಜಾತಿಯನ್ನು ಸಾಕ್ಷ್ಯದ ಬಲದಿಂದ ಸೇರಿಸಲಾಗದೆಂಬ ನಿಯಮವನ್ನು ೧೯೬೪ರ ತೀರ್ಪು ಎತ್ತಿಹಿಡಿಯಿತು. ಆದರೆ ಅಂದಿನ ಮೈಸೂರಿನಲ್ಲಿ ‘ಭೋವಿ’ ಎಂದೇ ಕರೆಯಲ್ಪಡುತ್ತಿದ್ದ ಬೇರೆ ಜಾತಿ ಇಲ್ಲದಿದ್ದುದರಿಂದ, ಆ ಪದದಿಂದ ಯಾರು ಉದ್ದಿಷ್ಟರೆಂದು ವಿಚಾರಿಸುವುದು ಅನಿವಾರ್ಯವೆಂದು ಹೇಳಿ ಅಭ್ಯರ್ಥಿಯ ಪಕ್ಷವನ್ನು ಅಂಗೀಕರಿಸಿತು. ಬೋಯಿ, ಭೋವಿ ಎಂಬ ಭೇದವನ್ನು ಬಿಡಿಸಲು ಚರಿತ್ರೆಯ ಸಾಕ್ಷ್ಯವೇ ಬೇಕಾಯಿತು.

ಅನಂತರದ ಪಟ್ಟಿಯಲ್ಲಿ ಭೋವಿಯೊಡನೆ ಬೇರೆ ರೂಪಗಳೂ ಸೇರಿವೆ. ಅವುಗಳಲ್ಲಿ ‘ವಡ್ಡರ್’ ಮತ್ತು ‘ವೊಡ್ಡರ್’ ಎಂಬುವು ರೋಮನ್ ಲಿಪಿಯಲ್ಲಿ ವಕಾರಕ್ಕೆ ಇರುವ ಎರಡು ಅಕ್ಷರಗಳಿಂದ ನಾಲ್ಕಾಗಿವೆ. ಕನ್ನಡದಲ್ಲಿ ಅವು ಎರಡೇ. ನಾಲ್ಕು ಹೆಸರೆಂದು ಓದುವವನು ಇಲ್ಲದ ಎರಡು ಜಾತಿಗಳನ್ನು ಸೃಷ್ಟಿಸುತ್ತಾನೆ.

ನಾಯಕ ಜನಾಂಗದ ವಿಷಯದಲ್ಲಿ ಇದಕ್ಕಿಂತ ದೀರ್ಘವಾದ ಕಥೆಯಿದೆ. ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಮೊದಲಿದ್ದುದು ‘ನಾಯಕ್ಡ’, ‘ನಾಯಕ’ ಮೊದಲಾದ ರೂಪಗಳು. ದುರ್ಗದ ಸೀಮೆಯ ಜನರ ಕಾಗದಪತ್ರಗಳಲ್ಲಿ ಇದ್ದುದು ಬೇಡ, ಬೇಡರ್, ವಾಲ್ಮೀಕಿ, ನಾಯಕ್ ಎಂಬಿವು. ‘ಬೇಡರ್’ ಎಂಬುದು ‘ಬೇಡರು’ ಎಂಬ ಬಹುವಚನವೇ. ಇಂಗ್ಲಿಷ್ ದಾಖಲೆಗಳಲ್ಲಿ ಅದು ಬೇರೊಂದು ಹೆಸರಿನಂತೆ ಹೆಪ್ಪುಗಟ್ಟಿತು. ೧೯೯೧ರ ತಿದ್ದುಪಡಿ ಶಾಸನದಿಂದ ನಾಯ್ಕ್, ನಾಯಕ್, ಬೇಡ, ಬೇಡರ್, ವಾಲ್ಮೀಕಿ ಎಂಬ ರೂಪಗಳು ಪಟ್ಟಿಗೆ ಸೇರಿದುವು. ೨೦೨೦ರಲ್ಲಿ ಪರಿವಾರ, ತಳವಾರ ಎಂಬುವೂ ಸೇರಿದುವು. ೨೦೦೦ದಲ್ಲಿ ಮಹಾರಾಷ್ಟ್ರದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು, ಪಟ್ಟಿಯನ್ನು ಇದ್ದಂತೆಯೇ ಓದಬೇಕು, ಪರ್ಯಾಯನಾಮಗಳನ್ನು ವಿಚಾರಣೆಯಿಂದ ಸೇರಿಸಲಾಗದು ಎಂದು ಖಚಿತವಾಗಿ ಹೇಳಿತು. ಹೀಗಿರುವಾಗ ಶಾಲೆಯ ದಾಖಲೆಯಲ್ಲಿ ಗುಮಾಸ್ತನೊಬ್ಬನು ಆಲೋಚಿಸದೆ ಬರೆದ ಒಂದು ಅಕ್ಷರವು ಆ ಮಗುವಿನ ವಿದ್ಯೆಗೂ ಉದ್ಯೋಗಕ್ಕೂ ಅಡ್ಡಿಯಾಗಬಹುದಾದುದು ಊಹೆಯ ಮಾತಲ್ಲ.

ಇಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ತೆಲುಗಿನಲ್ಲಿ ‘ಬೋಯ’ ಎಂದರೆ ಬೇಡ. ಮೈಸೂರಿನ ‘ಬೋಯಿ’ ಎಂದರೆ ಒಡ್ಡರ ಸಮಾಜ. ಕೊನೆಯ ಸ್ವರವೊಂದನ್ನು ಬಿಟ್ಟರೆ ಬೇರೆ ವ್ಯತ್ಯಾಸವಿಲ್ಲ. ಎರಡೂ ಭಾಷೆಗಳು ಬೆರೆತಿರುವ ಹಿರಿಯೂರು, ಚಳ್ಳಕೆರೆ, ಮೊಳಕಾಲ್ಮೂರುಗಳ ಹಳೆಯ ದಾಖಲೆಗಳನ್ನು ಓದುವವನು ಇದನ್ನು ಮರೆತರೆ ಎರಡು ಜನಾಂಗಗಳ ಚರಿತ್ರೆಯೂ ಕಲಸಿಹೋಗುವುದು. ಹಾಗೆಯೇ ನಾಯಕ, ನಾಯ್ಕ, ನಾಯಕ್ ಎಂಬ ಪದವಿನಾಮವನ್ನು ಕರಾವಳಿಯ ಕೊಂಕಣಿ ಮಾತನಾಡುವವರೂ ಲಂಬಾಣಿ ತಾಂಡಾಗಳ ಮುಖಂಡರೂ ಧರಿಸಿದ್ದಾರೆ. ಇವರೆಲ್ಲರನ್ನೂ ಒಂದು ಮೂಲಕ್ಕೆ ಸೇರಿಸಲು ಹೆಸರಿನ ಸಾಮ್ಯ ಆಧಾರವಾಗದು.

೮

ಮೇಲಿನ ನಿದರ್ಶನಗಳಿಂದ ಕೆಲವು ಮಾತುಗಳನ್ನು ಸಂಗ್ರಹಿಸಬಹುದು. ಮೊದಲನೆಯದಾಗಿ, ಹೆಸರು ದೊರೆತ ರೂಪವನ್ನು ತಿದ್ದದೆ ಹಾಗೆಯೇ ನಕಲು ಮಾಡಿ, ಅದು ಯಾವ ಲಿಪಿಯಲ್ಲಿ, ಯಾವ ಕಾಲದಲ್ಲಿ, ಯಾವ ಕಛೇರಿಯಲ್ಲಿ ಬರೆಯಲ್ಪಟ್ಟಿತೆಂಬುದನ್ನು ಪಕ್ಕದಲ್ಲಿ ಗುರುತು ಮಾಡಬೇಕು. ಭರಮಣ್ಣನ ಭಕಾರವೂ ಚಿತಲ್‌ಡ್ರೂಗಿನ ಲಕಾರವೂ ತಿದ್ದುವವರ ಕೈಗೆ ಸಿಕ್ಕಿದ್ದರೆ ಅವುಗಳ ಸಾಕ್ಷ್ಯ ನಮಗೆ ಉಳಿಯುತ್ತಿರಲಿಲ್ಲ. ಎರಡನೆಯದಾಗಿ, ರೂಪಗಳನ್ನೆಲ್ಲ ಕೂಡಿಹಾಕಿದ ಮೇಲೆಯೇ ಮೂಲವನ್ನು ನಿರ್ಣಯಿಸಬೇಕು. ಮೂಲವನ್ನು ಮೊದಲು ನಿಶ್ಚಯಿಸಿಕೊಂಡು ಅದಕ್ಕೆ ಹೊಂದುವ ರೂಪವನ್ನು ಆರಿಸಬಾರದು. ಮೂರನೆಯದಾಗಿ, ರೋಮನ್ ಬರಹದಿಂದ ತಿಳಿದ ಹೆಸರನ್ನು, ಅದು ಗ್ರಾಮದ್ದಾಗಲಿ ಮನೆತನದ್ದಾಗಲಿ, ಆ ಊರಿನವರ ಬಾಯಿಂದ ಒಮ್ಮೆ ಕೇಳದೆ ಕನ್ನಡಕ್ಕೆ ಇಳಿಸಬಾರದು.

ಈ ಕಾರ್ಯಕ್ಕೆ ಬೇಕಾದ ಸಾಮಗ್ರಿ ಇನ್ನೂ ನಮ್ಮ ಕೈಗೆ ಎಟಕುವಷ್ಟು ಹತ್ತಿರದಲ್ಲಿದೆ. ಎಂ. ಎಸ್. ಪುಟ್ಟಣ್ಣನವರು ಪಾಳೆಯಗಾರರ ಚರಿತ್ರೆಯನ್ನು ಬರೆದರು. ಹುಲ್ಲೂರು ಶ್ರೀನಿವಾಸ ಜೋಯಿಸರು ದುರ್ಗದ ಕಾಗದಪತ್ರಗಳನ್ನೂ ಬಖೈರುಗಳನ್ನೂ ಶ್ರಮಪಟ್ಟು ಸಂಗ್ರಹಿಸಿದರು. ರೈಸ್ ಅವರ ಶಾಸನಸಂಪುಟ ಜಿಲ್ಲೆಯ ಊರೂರನ್ನೂ ಒಳಗೊಂಡಿದೆ. ಇವುಗಳಲ್ಲಿ ಬರುವ ವ್ಯಕ್ತಿನಾಮ, ವಂಶನಾಮ, ಗ್ರಾಮನಾಮಗಳ ಎಲ್ಲ ರೂಪಗಳನ್ನೂ ಕೂಡಿಸಿದ ಒಂದು ಸೂಚಿಯನ್ನು ಸಿದ್ಧಪಡಿಸುವುದು ಒಬ್ಬರಿಬ್ಬರು ವಿದ್ಯಾರ್ಥಿಗಳಿಂದ ಆಗಬಹುದಾದ ಕೆಲಸ. ಮನೆಮನೆಗಳಲ್ಲಿ ಬೆಡಗು, ಮನೆದೇವರು, ಮೂಲದ ಊರು ಇವುಗಳನ್ನು ಬಾಯಿಪಾಠವಾಗಿ ಹೇಳಬಲ್ಲ ವೃದ್ಧರು ಇರುವಾಗಲೇ ಅವರಿಂದ ಕೇಳಿ ಬರೆದುಕೊಂಡರೆ ಆ ಸೂಚಿಗೆ ಪ್ರಾಣ ಬರುತ್ತದೆ. ಮೊದಲಕ್ಷರಗಳಷ್ಟೇ ಉಳಿದಿರುವ ಮುಂದಿನ ತಲೆಮಾರಿಗೆ, ತಮ್ಮ ಹೆಸರಿನ ‘ಎಂ’ ಎಂಬುದು ಮತ್ತಿಯೋ ಮಟ್ಟಿಯೋ ಎಂಬುದನ್ನು ತಿಳಿಸಬಲ್ಲವರು ಅವರು ಮಾತ್ರ.